ಖಾನಾವಳಿಯ ರೊಟ್ಟಿ, ತಾರಾ ಹೋಟೆಲಿನ ತಾಟು

ಬಾದಾಮಿಯಿಂದ ಐದಾರು ಕಿಲೋಮೀಟರ್ ದೂರದ ಬನಶಂಕರಿಗೆ ಹೋದವರಿಗೆ ದೇವಿಯ ದರ್ಶನಕ್ಕೆ ಮೊದಲೇ ಊಟದ ಕರೆ ಬರುತ್ತದೆ. ಗುಡಿಯೆದುರಿನ ಹೊಂಡದ ಆಸುಪಾಸಿನಲ್ಲಿ ಇಳಕಲ್ ಸೀರೆಯುಟ್ಟ ಹೆಣ್ಣುಮಕ್ಕಳು ಬುಟ್ಟಿ ಮುಂದಿಟ್ಟುಕೊಂಡು ಕುಳಿತಿರುತ್ತಾರೆ. ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಡಬ್ಬಿಗಳಲ್ಲಿ ಬದನೆಕಾಯಿ ಪಲ್ಯ, ಕಾಳಿನ ಪಲ್ಯ, ಜುಣಕ, ಕೆಂಪು ಖಾರ, ಗಡಿಗೆಯಲ್ಲಿ ಮೊಸರು. ‘ಬರ್ರೀ ಅಣ್ಣಾರ, ರೊಟ್ಟಿ ಊಟಾ ಮಾಡ್ರಿ’ ಎಂಬ ಕರೆಯಲ್ಲಿ ವ್ಯಾಪಾರ ಎಷ್ಟು, ಉಪಚಾರ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ದೇವಿಯ ಇನ್ನೊಂದು ಹೆಸರೇ ಶಾಕಂಭರಿ. ಬರಗಾಲದಲ್ಲಿ ತನ್ನ ಮೈಯಿಂದಲೇ ಕಾಯಿಪಲ್ಯ ಬೆಳೆದು ಲೋಕವನ್ನು ಸಾಕಿದಳೆಂದು ಕಥೆ. ಬನದ ಹುಣ್ಣಿಮೆಯ ಜಾತ್ರೆಗೆ ಮುನ್ನ ಆಕೆಗೆ ನೂರೆಂಟು ಬಗೆಯ ಕಾಯಿಪಲ್ಯದ ನೈವೇದ್ಯ ನಡೆಯುತ್ತದೆ.

ಇದೇ ಬಾದಾಮಿಗೆ ಇನ್ನೊಂದು ಬಗೆಯ ಊಟದ ಮನೆಯೂ ಬರುತ್ತಿತ್ತು, ಅದೂ ಗಾಲಿಯ ಮೇಲೆ. 2008ರಲ್ಲಿ ಆರಂಭವಾದ ‘ಸುವರ್ಣ ರಥ’ ಐಷಾರಾಮಿ ರೈಲಿನ ಪ್ರವಾಸಿಗರು ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಲು ಇಲ್ಲಿ ಇಳಿಯುತ್ತಿದ್ದರು. ರೈಲಿನ ಬೋಗಿಗಳಿಗೆ ರಾಜವಂಶಗಳ ಹೆಸರು, ಭೋಜನಶಾಲೆಗಳಿಗೆ ‘ನಳ’, ‘ರುಚಿ’ ಎಂಬ ಹೆಸರು. ಬಿಳಿ ಮೇಜುಬಟ್ಟೆಯ ಈ ಊಟಕ್ಕೂ ಹೊಂಡದ ಬಳಿಯ ಬುಟ್ಟಿಯ ಊಟಕ್ಕೂ ನಡುವೆ ಆಗ ಇದ್ದದ್ದು ಕೆಲವೇ ಮೈಲಿ.

ಊರ ಅಡುಗೆಯನ್ನು ದೊಡ್ಡ ಮೇಜಿಗೆ ಏರಿಸುವ ಪ್ರಯತ್ನ ಜಗತ್ತಿನ ಬೇರೆಡೆಯೂ ನಡೆದಿದೆ. ಕಪ್ಪು ಸಮುದ್ರದ ದಂಡೆಯ ಜಾರ್ಜಿಯಾ ದೇಶದಲ್ಲಿ ಹಬ್ಬದೂಟಕ್ಕೆ ‘ಸುಪ್ರಾ’ ಎನ್ನುತ್ತಾರೆ. ಮಾತಿನ ಅರ್ಥ ಹಾಸಿದ ಬಟ್ಟೆ. ‘ತಮಡ’ ಎಂಬ ಹಿರಿಯ ಊಟದ ಪಂಕ್ತಿಯನ್ನು ಮಾತಿನಿಂದ ನಡೆಸುತ್ತಾನೆ. ಅತಿಥಿಯೆಂದರೆ ದೇವರು ಕಳಿಸಿದವನು. ಬಾರ್ಬರೆ ಜೊರ್ಜಾಡ್ಜೆ ಎಂಬ ಲೇಖಕಿ 1874ರಲ್ಲಿ ಬರೆದ ಅಡುಗೆ ಪುಸ್ತಕವನ್ನು ಆಧಾರವಾಗಿಟ್ಟುಕೊಂಡು ರಾಜಧಾನಿ ತ್ಬಿಲಿಸಿಯ ಕುಟುಂಬವೊಂದು ‘ಬಾರ್ಬರೆಸ್ತಾನ್’ ಎಂಬ ಹೋಟೆಲನ್ನೇ ಕಟ್ಟಿತು.

ಕನ್ನಡಕ್ಕೆ ಅಂಥ ಪುಸ್ತಕಗಳ ಬರವೇನಿಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕದ ವಿಷಯವಿದೆ, ಹದಿನಾರನೆಯ ಶತಮಾನದ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನೇ ರಚಿಸಿದ. ಆದರೆ ಬಾಗಲಕೋಟೆ ಸೀಮೆಯ ದಿನದ ಊಟದ ವಿದ್ಯೆ ಇಂದಿಗೂ ಮುಖ್ಯವಾಗಿ ಇರುವುದು ಕೈಯಲ್ಲಿ. ರೊಟ್ಟಿಯನ್ನೇ ನೋಡಬಹುದು. ಗೋಧಿಯ ಹಿಟ್ಟಿನಲ್ಲಿರುವ ಅಂಟು ಜೋಳಕ್ಕಿಲ್ಲ. ಅದಕ್ಕಾಗಿ ಕುದಿಯುವ ಎಸರನ್ನು ಹಿಟ್ಟಿಗೆ ಸುರಿದು ಜಿಗಿ ಬರಿಸಬೇಕು, ಬಿಸಿ ಇರುವಾಗಲೇ ನಾದಬೇಕು. ಹಿಟ್ಟು ಹಳೆಯದಾದರೆ ರೊಟ್ಟಿಯ ಅಂಚು ಬಿರಿಯುತ್ತದೆ. ಅಂಗೈಯಿಂದ ಬಡಿದು ತಿರುಗಿಸಿ, ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲಿನ ಹಿಟ್ಟನ್ನು ಒರೆಸಿ, ಮಗುಚಿ ಬೇಯಿಸಿದರೆ ಉಬ್ಬುತ್ತದೆ. ಉಬ್ಬಿದ ಬಿಸಿರೊಟ್ಟಿಯ ಆಯುಷ್ಯ ಕೆಲವೇ ನಿಮಿಷ. ಒಣಗಿಸಿದ ಕಡಕ್ ರೊಟ್ಟಿ ವಾರಗಟ್ಟಲೆ ಬಾಳುತ್ತದೆ, ಬೆಂಗಳೂರು ಪುಣೆಗಳಿಗೂ ಹೋಗುತ್ತದೆ. ಬಿಸಿರೊಟ್ಟಿ ಮಾತ್ರ ಒಲೆ ಬಿಟ್ಟು ಹೋಗದು. ಅದು ಬೇಕೆಂದ ಹೋಟೆಲು ಬಡಿಯುವ ಕೈಯನ್ನೂ ಒಲೆಯ ಮುಂದೆ ಇಟ್ಟುಕೊಳ್ಳಲೇಬೇಕು.

ಈ ಕೈಗಳನ್ನು ನೂರಾರು ಜನರ ಊಟಕ್ಕೆ ಮೊದಲು ದುಡಿಸಿಕೊಂಡದ್ದು ಖಾನಾವಳಿ. ಹೆಸರು ಮರಾಠಿ ನಂಟಿನದು. 1956ರ ಏಕೀಕರಣದವರೆಗೆ ಈ ಭಾಗ ಮುಂಬೈ ಪ್ರಾಂತ್ಯದಲ್ಲಿತ್ತಷ್ಟೆ. ಊರು ಬಿಟ್ಟು ಬಂದ ಗುಮಾಸ್ತ, ವಿದ್ಯಾರ್ಥಿ, ಸಂತೆಗೆ ಬಂದ ರೈತ, ಎಲ್ಲರಿಗೂ ಅದು ಎರಡನೆಯ ಮನೆ. ಫಲಕದ ಮೇಲೆ ‘ಲಿಂಗಾಯತ ಖಾನಾವಳಿ’ ಎಂದಿದ್ದರೆ ಸಸ್ಯಾಹಾರ ಎಂದು ತಿಳಿಯಬೇಕು; ಮಾಂಸದೂಟ ಬೇಕಾದವರು ‘ಸಾವಜಿ’ ಫಲಕ ಹುಡುಕುತ್ತಾರೆ. ನೇಕಾರ ಎಸ್‌ಎಸ್‌ಕೆ ಸಮಾಜದ ಈ ಖಾರದ ಅಡುಗೆ ಹುಬ್ಬಳ್ಳಿ, ಗದಗದಿಂದ ಈ ಭಾಗದ ನೇಕಾರ ಊರುಗಳವರೆಗೂ ಪರಿಚಿತ.

ಹಳೆಯ ಖಾನಾವಳಿಯಲ್ಲಿ ದರ ಒಂದೇ, ಹೊಟ್ಟೆ ತುಂಬುವವರೆಗೆ ರೊಟ್ಟಿ. ಎಣಿಸಿ ಬಡಿಸುವುದು ಸಣ್ಣತನ ಎಂಬ ಭಾವನೆ ಇಲ್ಲಿ ಆಳವಾಗಿದೆ. ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ವಿದ್ಯೆ ಕಲಿತ ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿ ಕಾಯಕದ ಜೊತೆಗೆ ದಾಸೋಹವನ್ನು ಇಟ್ಟರು. ಉಣ್ಣಿಸುವವನು ದಾಸ, ದಾನಿಯಲ್ಲ ಎಂಬುದು ಅದರ ತಿರುಳು. ತಾರಾ ಹೋಟೆಲಿನ ಶಿಷ್ಟಾಚಾರ ಎಷ್ಟೇ ನಯವಾಗಿದ್ದರೂ ಈ ಸಂಬಂಧವನ್ನು ಬಿಲ್ಲಿನೊಳಗೆ ತರುವುದು ಸುಲಭವಲ್ಲ.

ಹಾಗೆಂದು ನಾಡಿನ ಅಡುಗೆ ದೊಡ್ಡ ಮೇಜಿಗೆ ಏರಿಯೇ ಇಲ್ಲವೆಂದಲ್ಲ. 1990ರಲ್ಲಿ ಬೆಂಗಳೂರಿನಲ್ಲಿ ತಾಜ್ ಸಮೂಹ ತೆರೆದ ‘ಕರಾವಳಿ’ ರೆಸ್ಟೋರೆಂಟ್ ಕಡಲತಡಿಯ ಮನೆಯಡುಗೆಗೆ ಹೆಸರು ತಂದಿತು. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಜಾನಪದ ಲೋಕದ ಪಕ್ಕದ ‘ಕಾಮತ್ ಲೋಕರುಚಿ’ ಜೋಳದ ರೊಟ್ಟಿಯೂಟವನ್ನು ದಕ್ಷಿಣದವರಿಗೆ ರೂಢಿ ಮಾಡಿಸಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಘೋಷಿಸಿದ ಮೇಲಂತೂ ಬಡವರ ಕಾಳೆಂದು ಮೂಗು ಮುರಿಯುತ್ತಿದ್ದವರೂ ಜೋಳವನ್ನು ಕೇಳಿ ತಿನ್ನುವಂತಾಯಿತು. ಗುರೆಳ್ಳು ಹಿಂಡಿ, ಪುಂಡಿಪಲ್ಯ, ಮಾದಲಿ, ಅಮೀನಗಡದ ಕರದಂಟು, ಇವಕ್ಕೂ ಅಂಥ ಕಾಲ ಬರಬಹುದು. ಪಿಂಗಾಣಿಯ ತಾಟಿನಲ್ಲಿ ಅಂಗೈಯಗಲದ ಎರಡು ರೊಟ್ಟಿ ಇಟ್ಟು ಅದನ್ನೇ ಉತ್ತರ ಕರ್ನಾಟಕ ಎನ್ನದಿದ್ದರೆ ಸಾಕು.

ಮೇಜಿಗಿಂತ ದೊಡ್ಡ ಚಿಂತೆ ಹೊಲದ್ದು. ರೊಟ್ಟಿಗೆ ಬೇಕಾದ ಬಿಳಿಜೋಳ ಹಿಂಗಾರಿಯದು. ಮಳೆಗಾಲದ ತೇವವನ್ನು ಹಿಡಿದಿಟ್ಟ ಎರೆಮಣ್ಣಿನಲ್ಲಿ, ಇಬ್ಬನಿ ಚಳಿಯಲ್ಲಿ ಬೆಳೆಯುವ ಬೆಳೆ. ಹುನಗುಂದದ ರೈತರು ಒಡ್ಡು ಹಾಕಿ ಆ ತೇವವನ್ನು ಕಾಯ್ದವರು. ಆಲಮಟ್ಟಿ ಹಿನ್ನೀರು ಬಾಗಲಕೋಟೆಯ ಹಳೆಯ ಪೇಟೆಯ ಭಾಗಗಳ ಜೊತೆಗೆ ಇಂಥ ಎರೆಹೊಲಗಳನ್ನೂ ನುಂಗಿತು. ಊರು ನವನಗರಕ್ಕೆ ಸರಿಯಿತು, ಖಾನಾವಳಿಯೂ ಹಿಂದೆಯೇ ಹೋಯಿತು, ಹೊಲ ಸರಿಯುವಂತಿಲ್ಲ. ನೀರು ಬಂದ ಮುಧೋಳ, ಜಮಖಂಡಿಗಳ ಕಡೆ ಜೋಳದ ಜಾಗದಲ್ಲಿ ಕಬ್ಬು ನಿಂತಿದೆ.

ಕೈಗಳ ಪ್ರಶ್ನೆಯೂ ಹಾಗೆಯೇ ಉಳಿದಿದೆ. ರೊಟ್ಟಿ ಮಾಡುವ ಯಂತ್ರಗಳು ಬಂದಿವೆ. ಅವು ತೆಳುವಾಗಿ, ಒಂದೇ ಅಳತೆಯಲ್ಲಿ ರೊಟ್ಟಿ ಕೊಡುತ್ತವೆ. ಹೊಗೆಯ ಮುಂದೆ ಕುಳಿತು ಮಣಿಕಟ್ಟು ನೋಯಿಸಿಕೊಂಡ ಹೆಂಗಸಿಗೆ ಅದು ಬಿಡುಗಡೆಯೇ. ಆದರೆ ಬಡಿದ ರೊಟ್ಟಿಯ ಹೆಸರಿನಲ್ಲಿ ನಗರದ ಹೋಟೆಲು ಹೆಚ್ಚಿನ ಬೆಲೆ ಪಡೆಯುವಾಗ ಬಡಿದವಳಿಗೆ ಅದರಲ್ಲಿ ಸಿಗುವ ಪಾಲೆಷ್ಟು ಎಂದು ಕೇಳುವವರು ಕಡಿಮೆ. ಬನಶಂಕರಿಯ ಬುಟ್ಟಿಯವಳಿಗೆ ಆ ತೊಡಕಿಲ್ಲ. ಬಡಿದವಳೂ ಅವಳೇ, ಬಡಿಸುವವಳೂ ಅವಳೇ, ಊಟ ಮುಗಿದ ಮೇಲೆ ಕಾಸು ಎಣಿಸಿ ಸೆರಗಿಗೆ ಕಟ್ಟಿಕೊಳ್ಳುವವಳೂ ಅವಳೇ.