ಎಂಜಲು ಹೇಳುವ ಸಾಕ್ಷಿ

ನಮ್ಮ ಕಾಲದಲ್ಲಿ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಒಂದು ಪುಟ್ಟ ಬಟ್ಟಲು, ಅದರಲ್ಲಿ ಒದ್ದೆ ಸ್ಪಂಜು ಇರುತ್ತಿತ್ತು. ನೋಟೆಣಿಸುವಾಗ ಬೆರಳನ್ನು ನಾಲಗೆಗೆ ಮುಟ್ಟಿಸಬಾರದೆಂದು ಆ ಏರ್ಪಾಡು. ಮರೆತು ನಾನೂ ಎಷ್ಟೋ ಸಲ ಮುಟ್ಟಿಸಿದ್ದೇನೆ, ಬಿಡಿ. ಮನೆಯಲ್ಲಿ ನಾವು ಕೈ ತೊಳೆಸುವ ಆ ಎಂಜಲಿನಿಂದಲೇ ಸಾಕ್ಷಿ ಹೇಳಿಸುವ ಪ್ರಯೋಗಾಲಯಗಳಿವೆ, ಮಕ್ಕಳೇ!

ಕುಡಿದು ವಾಹನ ಓಡಿಸುವವರನ್ನು ಉಸಿರು ಊದಿಸಿ ಹಿಡಿಯುತ್ತಾರೆ. ಗಾಂಜಾ ಸೇದಿದವರನ್ನು? ಮೂತ್ರ ಪರೀಕ್ಷೆ ಇದೆ. ಆದರೆ ಗಾಂಜಾದ ಪಳೆಯುಳಿಕೆ ಮೂತ್ರದಲ್ಲಿ ದಿನಗಟ್ಟಲೆ, ಕೆಲವರಲ್ಲಿ ವಾರಗಟ್ಟಲೆ ಉಳಿಯುತ್ತದೆ. ಸೇದಿದ್ದು ಇವತ್ತೋ ಹೋದ ವಾರವೋ ತಿಳಿಯದು. ಎಂಜಲು ಹಾಗಲ್ಲ. ಗಾಂಜಾದಲ್ಲಿ ಮತ್ತು ಬರಿಸುವ ವಸ್ತುವಿಗೆ ಟಿಎಚ್‌ಸಿ ಎಂದು ಹೆಸರು. ಸೇದಿದಾಗ ಹೊಗೆಯ ಜೊತೆ ಅದು ಬಾಯೊಳಗೆ ಅಂಟಿಕೊಂಡು, ಮುಂದಿನ ಹಲವು ಗಂಟೆಗಳ ಕಾಲ ಜೊಲ್ಲಿನಲ್ಲಿ ಸಿಗುತ್ತದೆ.

2004ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಪೊಲೀಸರು, ದಾರಿಯಲ್ಲಿ ಹೋಗುವ ಯಾವ ಚಾಲಕನನ್ನಾದರೂ ನಿಲ್ಲಿಸಿ ಜೊಲ್ಲು ಪರೀಕ್ಷಿಸುವ ಪದ್ಧತಿಯನ್ನು ಜಗತ್ತಿನಲ್ಲೇ ಮೊದಲು ಶುರುಮಾಡಿದರು. ಮೊದಲ ದಿನ ಟಿವಿ ಕ್ಯಾಮೆರಾಗಳೂ ಬಂದಿದ್ದವು. ಅವುಗಳೆದುರೇ ಒಬ್ಬ ಚಾಲಕ ಸಿಕ್ಕಿಬಿದ್ದ. ಅವನ ಮುಖ ಸುದ್ದಿಯಾಯಿತು. ಆಮೇಲೆ ಪ್ರಯೋಗಾಲಯದಲ್ಲಿ ನೋಡಿದರೆ, ರಸ್ತೆಬದಿಯ ಫಲಿತಾಂಶ ನಿಲ್ಲಲಿಲ್ಲ!

ಹೀಗೇಕಾಯಿತು ಎಂದರೆ, ಇವು ಎರಡು ಬೇರೆ ಬೇರೆ ಪರೀಕ್ಷೆಗಳು. ರಸ್ತೆಬದಿಯದು ಬೀಗದ ಕೈ ಇದ್ದ ಹಾಗೆ. ಪಟ್ಟಿಯ ಮೇಲಿನ ಪ್ರತಿಕಾಯಕ್ಕೆ ಟಿಎಚ್‌ಸಿ ಸರಿಯಾಗಿ ಕೂರುತ್ತದೆ, ನಿಜ. ಆದರೆ ಒಮ್ಮೊಮ್ಮೆ ಪಕ್ಕದ ಮನೆಯ ಕೀಲಿಯೂ ನಮ್ಮ ಬೀಗವನ್ನು ತೆರೆಯುವುದಿಲ್ಲವೇ? ಪ್ರಯೋಗಾಲಯದ ಯಂತ್ರ ಅಣುಗಳನ್ನೇ ಬೇರ್ಪಡಿಸಿ, ಒಡೆದು, ಚೂರುಗಳನ್ನು ತೂಗುತ್ತದೆ. ಚಿನಿವಾರನ ತಕ್ಕಡಿಗಿಂತ ಸೂಕ್ಷ್ಮ! ಅಮೆರಿಕದ ಕೇಂದ್ರ ಸರ್ಕಾರದ ನೌಕರರ ಪರೀಕ್ಷೆಯಲ್ಲಿ ಮೊದಲ ಸುತ್ತಿನ ಮಿತಿ ಒಂದು ಮಿಲಿಲೀಟರಿಗೆ 4 ನ್ಯಾನೋಗ್ರಾಂ, ಖಚಿತಪಡಿಸುವ ಸುತ್ತಿನದು 2. ನಾಲ್ಕು ಎಂದರೆ ಎಷ್ಟು? ನಾನು ಲೆಕ್ಕದವನು, ಕೂತು ಹಾಕಿದೆ: 12,000 ಲೀಟರಿನ 21 ಟ್ಯಾಂಕರ್ ನೀರಿಗೆ ಒಂದೇ ಒಂದು ಗ್ರಾಂ.

ಮಾದರಿ ತೆಗೆಯುವುದರಲ್ಲೂ ಶಿಸ್ತು ಬೇಕು. ಹತ್ತು ನಿಮಿಷ ಏನೂ ತಿನ್ನದೆ ಕೂರಿಸಿ, ಹೀರುವ ಪ್ಯಾಡನ್ನು ಬಾಯಲ್ಲಿಟ್ಟು ತೆಗೆಯುತ್ತಾರೆ. ಟಿಎಚ್‌ಸಿ ಪ್ಲಾಸ್ಟಿಕ್ ಗೋಡೆಗೆ ಅಂಟಿಕೊಳ್ಳುವ ಜಿಗುಟು ಸ್ವಭಾವದ್ದು. ಅದಕ್ಕೇ ನಳಿಕೆಯಲ್ಲಿ ಒಂದು ದ್ರಾವಣ ಇರುತ್ತದೆ. ಆಮೇಲೆ ಮೊಹರು, ಸಂಖ್ಯೆ, ಕೈಬದಲಾದಾಗಲೆಲ್ಲ ಸಹಿ.

ಸಹಿ ಅಂದಾಗ ನೆನಪಾಯಿತು. ಒಮ್ಮೆ ಪಿಂಚಣಿ ಪಡೆಯಲು ಬಂದ ವಯಸ್ಸಾದ ಟೀಚರಮ್ಮನ ಚೆಕ್ ನೋಡಿ, "ಸಹಿ ತಾಳೆಯಾಗ್ತಿಲ್ಲಮ್ಮ, ಯಾರು ಹಾಕಿದ್ದು ಇದು?" ಎಂದು ಗಟ್ಟಿಯಾಗಿಯೇ ಕೇಳಿಬಿಟ್ಟೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಧಿಕಾರಿಗಳು ಒಳಗೆ ಕರೆದು, ಹಳೆಯ ಕಾರ್ಡ್ ತೆಗೆಸಿ, ಅವರಿಂದ ಮತ್ತೆ ಬರೆಸಿ ನೋಡಿದರು. ಬಲಗೈ ಮೂಳೆ ಮುರಿದು ಕೂಡಿದ್ದ ಕೈ, ಸಹಿ ಅವರದೇ. ನಾನು ಕ್ಷಮೆ ಕೇಳಿದೆ. ಅವರು ದುಡ್ಡು ಎಣಿಸಿ ಚೀಲಕ್ಕೆ ಹಾಕಿಕೊಂಡು, "ಪರವಾಗಿಲ್ಲಪ್ಪ" ಎಂದು ಹೊರಟರು. ಮುಂದಿನ ತಿಂಗಳಿಂದ ಅವರು ಪಕ್ಕದ ಕೌಂಟರಿನ ಸಾಲಿನಲ್ಲಿ ನಿಲ್ಲತೊಡಗಿದರು.