ಅಡುಗೆಮನೆಯ ಹೆಸರಿನಲ್ಲಿ ತೆರೆದ ಬಾಗಿಲು

ನಮ್ಮ ಹೊಲಗಳಲ್ಲಿ ಓಡಾಡುವ ಮ್ಯಾಸ್ಸಿ ಫರ್ಗ್ಯುಸನ್ ಟ್ರ್ಯಾಕ್ಟರಿನ ಹೆಸರಿನಲ್ಲಿರುವ ‘ಮ್ಯಾಸ್ಸಿ’ ಕೆನಡಾದ ಒಂದು ಮನೆತನ. ಕೃಷಿಯಂತ್ರಗಳನ್ನು ಮಾಡಿ ಮಾರಿ ಸಿರಿವಂತವಾದ ಆ ಮನೆಯ ಮಗಳು ಲಿಲಿಯನ್. ಟೊರೊಂಟೊ ವಿಶ್ವವಿದ್ಯಾಲಯಕ್ಕೆ ಆಕೆ ಕೊಟ್ಟ ಕಟ್ಟಡ ಬ್ಲೂರ್ ರಸ್ತೆ ಮತ್ತು ಕ್ವೀನ್ಸ್ ಪಾರ್ಕ್ ಕೂಡುವಲ್ಲಿ ಇಂದಿಗೂ ನಿಂತಿದೆ. ಎತ್ತರದ ಗ್ರೀಕ್ ಶೈಲಿಯ ಕಂಬಗಳನ್ನು ನೋಡಿದರೆ ನ್ಯಾಯಾಲಯವೇನೋ ಅನ್ನಿಸುತ್ತದೆ. ಆದರೆ ಇದು ಹೆಣ್ಣುಮಕ್ಕಳಿಗೆ ಗೃಹವಿಜ್ಞಾನ ಕಲಿಸಲೆಂದೇ ಕಟ್ಟಿಸಿದ ಮನೆ. ವಾಸ್ತುಶಿಲ್ಪಿ ಜಾರ್ಜ್ ಮಿಲ್ಲರ್. ಬಾಗಿಲು ತೆರೆದದ್ದು 1913ರಲ್ಲಿ.

ತೀರಿಹೋದ ಅಣ್ಣತಮ್ಮಂದಿರಲ್ಲಿ ಒಬ್ಬನ ನೆನಪಿಗೆ ತಂದೆ ಕಟ್ಟಿಸಿದ ಫ್ರೆಡ್ ವಿಕ್ಟರ್ ಮಿಷನ್ನಿನಲ್ಲಿ ಬಡ ಹುಡುಗಿಯರಿಗೆ ಮನೆಗೆಲಸದ ತರಗತಿ ನಡೆಸುವುದರಿಂದ ಲಿಲಿಯನ್ ಮೊದಲುಮಾಡಿದರು. ಅದು ಶಾಲೆಯಾಯಿತು. 1906ರಲ್ಲಿ ವಿಶ್ವವಿದ್ಯಾಲಯದ ವಿಭಾಗವೇ ಆಯಿತು.

ಹೆಣ್ಣನ್ನು ಮತ್ತೆ ಒಲೆಯ ಮುಂದೆಯೇ ಕೂರಿಸಿದರಲ್ಲ ಎಂದು ಈಗ ಯಾರಾದರೂ ಕೇಳಬಹುದು. ಆ ಮಾತಿನಲ್ಲಿ ಸತ್ಯವಿದೆ. ಆದರೆ ಕ್ಲಾರಾ ಬೆನ್ಸನ್ ಅವರ ಬದುಕನ್ನು ಓದಿದ ಮೇಲೆ ನನಗೆ ಅಷ್ಟಕ್ಕೇ ನಿಲ್ಲಲು ಆಗುವುದಿಲ್ಲ. ರಸಾಯನಶಾಸ್ತ್ರದಲ್ಲಿ ಪಳಗಿದ ಆಕೆ 1903ರಲ್ಲಿ ಟೊರೊಂಟೊದ ಪಿಎಚ್‌.ಡಿ. ಪಡೆದರು, ಅಲ್ಲಿ ಆ ಪದವಿ ಪಡೆದ ಮೊದಲ ಇಬ್ಬರು ಮಹಿಳೆಯರಲ್ಲಿ ಒಬ್ಬರು. ಅವರಿಗೆ ನೆಲೆ ಕೊಟ್ಟದ್ದು ಗೃಹವಿಜ್ಞಾನ. ಅಲ್ಲಿ ಅವರು ಆಹಾರ ರಸಾಯನಶಾಸ್ತ್ರ ಕಲಿಸಿದರು. ಬೇಯಿಸಿದಾಗ, ಹುಳಿ ಬಂದಾಗ ಕಾಳು ಹಾಲುಗಳಲ್ಲಿ ಏನಾಗುತ್ತದೆ ಎಂಬುದು ಅಜ್ಜಿಯರ ಕೈಗೆ ಗೊತ್ತಿದ್ದ ವಿದ್ಯೆ. ಅದಕ್ಕೆ ಪ್ರಯೋಗಶಾಲೆಯ ಅಳತೆ ಸಿಕ್ಕಿದ್ದು ಇಂಥ ಕಡೆ. 1920ರಲ್ಲಿ ಬೆನ್ಸನ್ ಮತ್ತು ವಿಭಾಗದ ಮುಖ್ಯಸ್ಥೆ ಆ್ಯನಿ ಲೇರ್ಡ್ ಪೂರ್ಣ ಪ್ರಾಧ್ಯಾಪಕರಾದರು. ಆ ವಿಶ್ವವಿದ್ಯಾಲಯದಲ್ಲಿ ಅಲ್ಲಿಯವರೆಗೆ ಯಾವ ಹೆಣ್ಣಿಗೂ ಆ ಸ್ಥಾನ ದಕ್ಕಿರಲಿಲ್ಲ.

ಈ ಕಟ್ಟಡದಲ್ಲಿ ವಿದ್ಯಾರ್ಥಿನಿಯರಿಗೆಂದು ವ್ಯಾಯಾಮಶಾಲೆ, ಈಜುಕೊಳಗಳೂ ಇದ್ದವು. ಅದೇ ಮ್ಯಾಸ್ಸಿ ಮನೆತನ 1919ರಲ್ಲಿ ಕೊಟ್ಟ ಹಾರ್ಟ್ ಹೌಸ್ ಎಂಬ ವಿದ್ಯಾರ್ಥಿ ಕೇಂದ್ರ ಗಂಡಸರದಾಗಿತ್ತು. ಹೆಂಗಸರಿಗೆ ಅಲ್ಲಿ ಪೂರ್ಣ ಸದಸ್ಯತ್ವ ಸಿಗಲು 1972 ಬರಬೇಕಾಯಿತು. ಹಾಗಿರುವಾಗ ತಮ್ಮದೇ ಕೊಳದಲ್ಲಿ ಈಜಿದ ಹುಡುಗಿಯರ ಖುಷಿಯನ್ನು ಸಣ್ಣದೆಂದು ಹೇಗೆ ಹೇಳುವುದು? ಹುಡುಗಿಯರ ಆಟೋಟಕ್ಕೆ ಪ್ರತ್ಯೇಕ ಕಟ್ಟಡ ಬೇಕೆಂದು ಬೆನ್ಸನ್ ವರ್ಷಗಟ್ಟಲೆ ಹೋರಾಡಿದರು. 1959ರಲ್ಲಿ ತೆರೆದ ಆ ಕಟ್ಟಡಕ್ಕೆ ಅವರದೇ ಹೆಸರು.

ಗೃಹವಿಜ್ಞಾನ ಲಿಲಿಯನ್ ಕೊಟ್ಟ ಕಟ್ಟಡದಿಂದ ಎಂದೋ ಹೊರಟುಹೋಯಿತು. ನಡುವೆ ಸರ್ಕಾರಿ ಕಚೇರಿ, ಬಟ್ಟೆ ಅಂಗಡಿಗಳೂ ಬಂದವು. ಗ್ರೀಕ್, ಲ್ಯಾಟಿನ್ ಕಲಿಸುವ ವಿಭಾಗವೂ ಇಲ್ಲಿಗೆ ಬಂತು. ಮಕ್ಕಳ ಮನೆಗೆಂದು ಟೊರೊಂಟೊಗೆ ಹೋಗುವ ನಮ್ಮವರು ರಾಯಲ್ ಒಂಟಾರಿಯೊ ಮ್ಯೂಸಿಯಂ ನೋಡದೆ ಬರುವುದಿಲ್ಲ. ಅಲ್ಲಿಂದ ಹೊರಬಂದಾಗ ದಯವಿಟ್ಟು ರಸ್ತೆ ದಾಟಿ. ಕಂಬಗಳ ಮೇಲೆ ‘ಹೌಸ್‌ಹೋಲ್ಡ್ ಸೈನ್ಸ್’ ಎಂದು ಕಲ್ಲಿನಲ್ಲಿ ಕೆತ್ತಿದ್ದಾರೆ, ಒಂದು ಗಳಿಗೆ ನಿಂತು ಓದಿ ಬನ್ನಿ.