ಮಧುರೈಯಿಂದ ಆಚೆಗೆ: ಅಗ್ಗದ ವಿಮಾನದ ದುಬಾರಿ ಆಸನ

ಒಂದೇ ಬಗೆಯ ವಿಮಾನಗಳನ್ನು ಇಟ್ಟುಕೊಂಡು, ಒಂದೇ ದರ್ಜೆಯ ಆಸನಗಳನ್ನು ಒತ್ತೊತ್ತಾಗಿ ಜೋಡಿಸಿ, ಊಟಕ್ಕೂ ಸಾಮಾನಿಗೂ ಬೇರೆ ಬೇರೆ ಬೆಲೆ ಕಟ್ಟಿ ಮೂಲದರವನ್ನು ತಗ್ಗಿಸುವುದು ಕಡಿಮೆ ದರದ ವಿಮಾನಯಾನ ಸಂಸ್ಥೆಗಳ ವ್ಯವಹಾರ ಸೂತ್ರ. ಇಂಥ ಸಂಸ್ಥೆಗಳೇ ದೂರದ ಅಂತರರಾಷ್ಟ್ರೀಯ ಮಾರ್ಗಗಳಲ್ಲಿ ವಿಮಾನದ ಮುಂಭಾಗವನ್ನು ಪ್ರತ್ಯೇಕಿಸಿ ಬಿಸಿನೆಸ್ ಕ್ಲಾಸ್ ಮಾರುವುದು ಮೇಲ್ನೋಟಕ್ಕೆ ವಿರೋಧಾಭಾಸವಾಗಿ ಕಂಡರೂ ಅದರ ಹಿಂದೆ ಗಟ್ಟಿಯಾದ ಲೆಕ್ಕಾಚಾರವಿದೆ. ತಮಿಳುನಾಡಿನ ತೇನಿ, ಕಂಬಂ ಕಣಿವೆ, ದಿಂಡಿಗಲ್‌ಗಳಂಥ ಒಳನಾಡಿನಿಂದ ಹೊರಡುವವರು ಈ ಲೆಕ್ಕವನ್ನು ಅರಿತರೆ ತಾವು ಕೊಳ್ಳುತ್ತಿರುವುದು ಏನನ್ನು, ಯಾವುದನ್ನು ಅಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಒಂದೆರಡು ಗಂಟೆಯ ಮಾರ್ಗಗಳಲ್ಲಿ ಕಡಿಮೆ ದರದ ಸಂಸ್ಥೆಗೆ ಲಾಭ ಬರುವುದು ಮುಖ್ಯವಾಗಿ ವಿಮಾನವನ್ನು ನಿಲ್ದಾಣದಲ್ಲಿ ಬಹಳ ಹೊತ್ತು ನಿಲ್ಲಿಸದೆ ಮತ್ತೆ ಹಾರಿಸುವುದರಿಂದ, ಅಂದರೆ ಅದೇ ವಿಮಾನದಲ್ಲಿ ದಿನಕ್ಕೆ ಹೆಚ್ಚು ಸಲ ಟಿಕೆಟ್ ಮಾರುವುದರಿಂದ. ಹತ್ತು ಗಂಟೆಯ ಮಾರ್ಗದಲ್ಲಿ ಎಲ್ಲ ಸಂಸ್ಥೆಗಳ ವಿಮಾನಗಳೂ ದಿನದ ಬಹುಪಾಲು ಆಕಾಶದಲ್ಲೇ ಇರುವುದರಿಂದ ಈ ಅನುಕೂಲ ಕರಗುತ್ತದೆ. ಇಂಧನದ ವೆಚ್ಚದಲ್ಲಿ ಯಾರಿಗೂ ರಿಯಾಯಿತಿಯಿಲ್ಲ, ಸಿಬ್ಬಂದಿಯನ್ನು ಪರದೇಶದಲ್ಲಿ ತಂಗಿಸುವ ಖರ್ಚು ತಪ್ಪುವುದಿಲ್ಲ, ಊಟವಿಲ್ಲದೆ ಅಷ್ಟು ಹೊತ್ತು ಕೂರಲು ಪ್ರಯಾಣಿಕರೂ ಒಪ್ಪುವುದಿಲ್ಲ. ಹೀಗಾಗಿ ಹಿಂಬದಿಯ ಅಗ್ಗದ ಟಿಕೆಟ್‌ಗಳು ತುಂಬಿಕೊಡಲಾಗದ ಕೊರತೆಯನ್ನು ಮುಂಬದಿಯ ಕೆಲವೇ ಆಸನಗಳಿಂದ ತುಂಬಿಸಿಕೊಳ್ಳುವ ಉಪಾಯ ರೂಪುಗೊಂಡಿತು.

ಅಗ್ಗದ ಹಾರಾಟಕ್ಕೂ ಐಷಾರಾಮಿ ಆಸನಕ್ಕೂ ನಂಟು ಬೆಳೆದ ಕಥೆಯಲ್ಲಿ ಕರ್ನಾಟಕದ ಅಧ್ಯಾಯವೊಂದಿದೆ. ಜಿ.ಆರ್. ಗೋಪಿನಾಥ್ ಅವರ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಹುಬ್ಬಳ್ಳಿ ಮತ್ತು ಬೆಂಗಳೂರು ನಡುವೆ ಹಾರಾಟ ಆರಂಭಿಸಿ ಭಾರತಕ್ಕೆ ಕಡಿಮೆ ದರದ ವಿಮಾನಯಾನವನ್ನು ಪರಿಚಯಿಸಿತು. ಐದು ವರ್ಷ ದೇಶದೊಳಗೆ ಹಾರಿದ, ಇಪ್ಪತ್ತು ವಿಮಾನಗಳುಳ್ಳ ಸಂಸ್ಥೆಗಳಿಗೆ ಮಾತ್ರ ವಿದೇಶಯಾನದ ಅನುಮತಿ ಎಂಬ ನಿಯಮ ಆಗ ಜಾರಿಯಲ್ಲಿದ್ದುದರಿಂದ, 2005ರಲ್ಲಷ್ಟೇ ಹುಟ್ಟಿದ್ದ ಐಷಾರಾಮಿ ಸಂಸ್ಥೆ ಕಿಂಗ್‌ಫಿಷರ್, ಡೆಕ್ಕನ್‌ನೊಂದಿಗೆ ವಿಲೀನವಾಗಿ ಅದರ ಹಿರಿತನದ ಬಲದ ಮೇಲೆ 2008ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು–ಲಂಡನ್ ಮಾರ್ಗವನ್ನು ತೆರೆಯಿತು. ಪೂರ್ತಿ ಮಲಗುವ ಹಾಸಿಗೆಗಳಿದ್ದ ಆ ಸೇವೆ ಬಹುಕಾಲ ಬಾಳಲಿಲ್ಲ. 2012ರಲ್ಲಿ ಸಂಸ್ಥೆಯ ಹಾರಾಟವೇ ನಿಂತಿತು. ಅಂದು ಅಗ್ಗದ ಸಂಸ್ಥೆಯ ವಯಸ್ಸನ್ನು ಬಳಸಿಕೊಂಡು ಐಷಾರಾಮಿ ಸಂಸ್ಥೆ ಹೊರದೇಶಕ್ಕೆ ಹಾರಿದರೆ, ಇಂದು ಅಗ್ಗದ ಸಂಸ್ಥೆಯೇ ತನ್ನ ಹೆಸರಿನಲ್ಲಿ ದುಬಾರಿ ಆಸನ ಮಾರುತ್ತಿದೆ.

2006ರಿಂದ ಏಕದರ್ಜೆಯ ಆಸನಗಳನ್ನೇ ನೆಚ್ಚಿಕೊಂಡಿದ್ದ ಇಂಡಿಗೋ 2024ರ ನವೆಂಬರ್‌ನಲ್ಲಿ ದೆಹಲಿ–ಮುಂಬಯಿ ಮಾರ್ಗದಲ್ಲಿ ‘ಸ್ಟ್ರೆಚ್’ ಎಂಬ ಹೆಸರಿನಲ್ಲಿ ಬಿಸಿನೆಸ್ ಕ್ಲಾಸ್ ಆರಂಭಿಸಿತು. 2025ರ ಜುಲೈನಲ್ಲಿ ಮುಂಬಯಿಯಿಂದ ಮ್ಯಾಂಚೆಸ್ಟರ್‌ಗೂ ಆಮ್‌ಸ್ಟರ್‌ಡ್ಯಾಮ್‌ಗೂ ವಾರಕ್ಕೆ ಮೂರರಂತೆ ಹಾರಾಟ ಆರಂಭವಾದಾಗ, ನಾರ್ಸ್ ಅಟ್ಲಾಂಟಿಕ್ ಎಂಬ ಯುರೋಪಿನ ಸಂಸ್ಥೆಯಿಂದ ಗುತ್ತಿಗೆಗೆ ಪಡೆದ ಬೋಯಿಂಗ್ 787-9 ವಿಮಾನದ 338 ಆಸನಗಳಲ್ಲಿ 56 ಈ ವರ್ಗಕ್ಕೆ ಮೀಸಲಾಗಿದ್ದವು. ಆ ಆಸನಗಳು ಎರಡು-ಮೂರು-ಎರಡರ ಸಾಲಿನಲ್ಲಿದ್ದು, ಒಂದು ಸಾಲಿನಿಂದ ಮುಂದಿನ ಸಾಲಿಗಿರುವ ಅಂತರ, ಅಂದರೆ ವಿಮಾನಯಾನದ ಭಾಷೆಯಲ್ಲಿ ಪಿಚ್, 43 ಇಂಚು. ಬೆನ್ನು ಚೆನ್ನಾಗಿ ಹಿಂದಕ್ಕೆ ಒರಗುತ್ತದೆ, ಆದರೆ ಆಸನ ಹಾಸಿಗೆಯಾಗುವುದಿಲ್ಲ. ಪೂರ್ಣ ಸೇವೆಯ ಹಲವು ಸಂಸ್ಥೆಗಳು ಇದೇ ಬಗೆಯ ಆಸನವನ್ನು ಪ್ರೀಮಿಯಂ ಎಕಾನಮಿ ಎಂಬ ನಡುವಣ ದರ್ಜೆಯಲ್ಲಿ ಮಾರುತ್ತವೆ. ಆದ್ದರಿಂದ ಬೆಲೆಯನ್ನು ಹೋಲಿಸುವಾಗ ದರ್ಜೆಯ ಹೆಸರನ್ನು ಬಿಟ್ಟು ಆಸನದ ಅಳತೆಯನ್ನು ನೋಡುವುದು ಸರಿಯಾದ ಕ್ರಮ.

ಆಗ್ನೇಯ ಏಷ್ಯಾದ ಸಂಸ್ಥೆಗಳು ಈ ದಾರಿಯನ್ನು ಮೊದಲೇ ಹಿಡಿದಿದ್ದವು. 2007ರಲ್ಲಿ ಆರಂಭವಾದ ಮಲೇಷ್ಯಾದ ಏರ್‌ಏಷ್ಯಾ ಎಕ್ಸ್ ತನ್ನ ಏರ್‌ಬಸ್ 330-300 ವಿಮಾನಗಳ 377 ಆಸನಗಳಲ್ಲಿ ಹನ್ನೆರಡನ್ನು ಮಾತ್ರ ಮಲಗುವ ಆಸನಗಳನ್ನಾಗಿಸಿತು. ಸಿಂಗಪುರದ ಸ್ಕೂಟ್ 2012ರಲ್ಲಿ ಸಿಡ್ನಿಗೆ ಮೊದಲ ಹಾರಾಟ ನಡೆಸಿದಾಗಲೇ ಪ್ರತ್ಯೇಕ ದರ್ಜೆಯೊಂದನ್ನು ಇಟ್ಟುಕೊಂಡಿತ್ತು. ಅದರಲ್ಲಿ ದೊರೆಯುವುದು ಅಗಲವಾದ, ಒರಗುವ ಕುರ್ಚಿ.

ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ಕಪ್ಪಿಲಿಯ ಒಕ್ಕಲಿಗರ ಊರುಗಳಿರುವ ಕಂಬಂ ಕಣಿವೆಗೂ, ಏಲಕ್ಕಿ ಹರಾಜಿಗೆ ಹೆಸರಾದ ಬೋಡಿನಾಯಕನೂರಿಗೂ, ತೇನಿ ಪಟ್ಟಣಕ್ಕೂ ಸ್ವಂತ ವಿಮಾನ ನಿಲ್ದಾಣವಿಲ್ಲ. ತೇನಿಯವರಿಗೆ ಸುಮಾರು 75 ಕಿ.ಮೀ. ದೂರದ ಮಧುರೈ ಹತ್ತಿರ; ದಿಂಡಿಗಲ್ಲಿನವರಿಗೆ ಮಧುರೈಯ ಜೊತೆಗೆ ಸುಮಾರು ನೂರು ಕಿ.ಮೀ. ದೂರದ ತಿರುಚಿರಾಪಳ್ಳಿಯೂ ಅನುಕೂಲ. ತಿರುಚಿರಾಪಳ್ಳಿಯಿಂದ ಕೌಲಾಲಂಪುರಕ್ಕೆ ಏರ್‌ಏಷ್ಯಾ, ಸಿಂಗಪುರಕ್ಕೆ ಸ್ಕೂಟ್ ಹಾರುತ್ತವೆ. ದೂರದ ಊರಿಗೆ ಅಲ್ಲಿಂದ ಇನ್ನೊಂದು ವಿಮಾನ ಹಿಡಿಯಬೇಕು. ಆದರೆ ಈ ಮೊದಲ ಹಂತದಲ್ಲಿ ಬಳಕೆಯಾಗುವುದು ಸಾಮಾನ್ಯವಾಗಿ ನಡುವೆ ಒಂದೇ ದಾರಿಯುಳ್ಳ, ಏಕದರ್ಜೆಯ ಸಣ್ಣ ವಿಮಾನ. ಸಿಡ್ನಿಯಲ್ಲಿರುವ ಮಗಳ ಮನೆಗೆ ದಿಂಡಿಗಲ್ಲಿನಿಂದ ಹೊರಟ ಹಿರಿಯ ದಂಪತಿ ಮುಂಬದಿಯ ಆಸನಕ್ಕೆ ಹಣ ಕೊಟ್ಟರೂ ಅದರ ಸುಖ ಸಿಗುವುದು ಎರಡನೆಯ ಹಂತದಲ್ಲಷ್ಟೇ; ನಡುವಿನ ಕಾಯುವಿಕೆಯೂ ಮನೆಯಿಂದ ನಿಲ್ದಾಣದವರೆಗಿನ ರಸ್ತೆಯೂ ಮೊದಲಿನಂತೆಯೇ ಉಳಿಯುತ್ತವೆ.

ಎರಡು ಹಂತಗಳ ಟಿಕೆಟ್‌ಗಳನ್ನು ಬೇರೆ ಬೇರೆಯಾಗಿ ಕೊಂಡರೆ ತೊಡಕು ಹೆಚ್ಚು. ಒಂದೇ ಬುಕಿಂಗ್‌ನಲ್ಲಿ ಎರಡೂ ಹಾರಾಟಗಳಿದ್ದರೆ ಸಾಮಾನು ಕೊನೆಯ ನಿಲ್ದಾಣದವರೆಗೆ ತಾನಾಗಿ ಸಾಗುವ, ಮೊದಲ ವಿಮಾನ ತಡವಾದರೆ ಮುಂದಿನದರಲ್ಲಿ ಸ್ಥಳ ಸಿಗುವ ವ್ಯವಸ್ಥೆಯನ್ನು ಸಂಸ್ಥೆ ಮಾಡಬಹುದು. ಬಿಡಿ ಟಿಕೆಟ್‌ಗಳಾದರೆ ಎರಡನೆಯ ಸಂಸ್ಥೆಗೆ ಅಂಥ ಹೊಣೆಯಿಲ್ಲ, ಎಷ್ಟೇ ದುಬಾರಿ ಆಸನವಾದರೂ ಅದು ಕೈತಪ್ಪಿತೆಂದೇ ಅರ್ಥ. ವಾರಕ್ಕೆ ಮೂರೇ ಹಾರಾಟವಿರುವ ಮಾರ್ಗದಲ್ಲಿ ಒಂದು ರದ್ದಾದರೆ ಅದೇ ಸಂಸ್ಥೆಯ ಮುಂದಿನ ವಿಮಾನಕ್ಕೆ ಎರಡು ಮೂರು ದಿನ ಕಾಯಬೇಕಾಗಬಹುದು. ದಿನಕ್ಕೆ ಹಲವು ಹಾರಾಟಗಳನ್ನೂ ಪಾಲುದಾರ ಸಂಸ್ಥೆಗಳನ್ನೂ ಹೊಂದಿರುವ ದೊಡ್ಡ ಸಂಸ್ಥೆಯ ಟಿಕೆಟ್‌ಗೆ ಹೆಚ್ಚಿನ ಬೆಲೆ ಬರುವುದು ಭಾಗಶಃ ಈ ಭದ್ರತೆಗಾಗಿಯೇ. ತೆರಿಗೆಯನ್ನೂ ಮರೆಯುವಂತಿಲ್ಲ: ಭಾರತದಲ್ಲಿ ಎಕಾನಮಿ ಟಿಕೆಟ್ ಮೇಲಿನ ಜಿಎಸ್‌ಟಿ ಶೇ. 5 ಇದ್ದರೆ, ಉಳಿದ ದರ್ಜೆಗಳ ಮೇಲೆ 2025ರ ಸೆಪ್ಟೆಂಬರ್ 22ರಿಂದ ಅದು ಶೇ. 12ರಿಂದ 18ಕ್ಕೆ ಏರಿದೆ.

ಒಟ್ಟಿನಲ್ಲಿ ಕಡಿಮೆ ದರದ ಸಂಸ್ಥೆಯ ಬಿಸಿನೆಸ್ ಕ್ಲಾಸ್ ಎಂದರೆ ಕೆಲವು ಗಂಟೆಗಳ ಮಟ್ಟಿಗೆ ಕೊಂಡ ಹೆಚ್ಚುವರಿ ಜಾಗ. ಸುತ್ತಲಿನ ಸೇವೆ ಮತ್ತು ಭದ್ರತೆ ಅದರೊಡನೆ ತಾನಾಗಿ ಬರುವುದಿಲ್ಲ. ಮಂಡಿನೋವಿರುವ ಹಿರಿಯರು ರಾತ್ರಿಯ ದೀರ್ಘ ಹಾರಾಟದಲ್ಲಿ ಕಾಲು ಚಾಚಬೇಕಾದಾಗ, ಬುಕಿಂಗ್ ಒಂದೇ ಆಗಿದ್ದಾಗ, ದಿನವೊಂದು ಹೆಚ್ಚುಕಡಿಮೆಯಾದರೂ ಕೆಲಸ ಕೆಡದಿದ್ದಾಗ ಆ ಜಾಗಕ್ಕೆ ಕೊಡುವ ಹಣ ಸಾರ್ಥಕ. ನಿಗದಿತ ದಿನಕ್ಕೆ ತಲುಪಲೇಬೇಕಾದ ವ್ಯಾಪಾರಿಗೋ ವಿದ್ಯಾರ್ಥಿಗೋ ಆದರೆ, ಅಷ್ಟೇ ಹಣದಲ್ಲಿ ಪೂರ್ಣ ಸೇವೆಯ ಸಂಸ್ಥೆಯ ಎಕಾನಮಿ ಟಿಕೆಟನ್ನು ಮಧುರೈಯಿಂದಲೇ ಒಂದೇ ಬುಕಿಂಗ್‌ನಲ್ಲಿ ಕೊಳ್ಳುವುದು ಹೆಚ್ಚು ಜಾಣತನವಾದೀತು.